ಬೇಸ್‌ಮೆಂಟ್‌ನಲ್ಲಿ ರೇಡಾನ್ 11.8 ಬಂದಿದೆ, ಮಾರ್ಚ್‌ಗೆ ಅಪ್ಪ ಅಮ್ಮ ಬರುತ್ತಿದ್ದಾರೆ

ತುಂಗೆತೀರ · ಜನವರಿ 11

ಎಲ್ಲರಿಗೂ ನಮಸ್ಕಾರ. ನಾವಿರುವುದು ಪೆನ್ಸಿಲ್ವೇನಿಯಾದಲ್ಲಿ, ಫಿಲಡೆಲ್ಫಿಯಾದಿಂದ ಒಂದು ಗಂಟೆ ದಾರಿ. 2021ರಲ್ಲಿ ಮನೆ ತಗೊಂಡೆವು. ಆಗ ಒಂದೊಂದು ಮನೆಗೂ ಜನ ಮುಗಿಬೀಳುತ್ತಿದ್ದರು. ತಪಾಸಣೆ ಏನೂ ಬೇಡ ಅಂತ ಬರೆದುಕೊಟ್ಟರೆ ಮಾತ್ರ ಮನೆ ಸಿಗುತ್ತದೆ ಅಂದರು. ಬರೆದುಕೊಟ್ಟೆವು.

ಬೇಸ್‌ಮೆಂಟ್‌ನಲ್ಲಿ ಒಂದು ಬೆಡ್‌ರೂಮ್, ಒಂದು ಬಾತ್‌ರೂಮ್ ಇದೆ. ಹಿತ್ತಿಲಿಗೆ ನೇರ ಬಾಗಿಲು. ಅಪ್ಪ ಅಮ್ಮ ತೀರ್ಥಹಳ್ಳಿಯಿಂದ ಬಂದಾಗಲೆಲ್ಲ ಅಲ್ಲೇ ಇರುತ್ತಾರೆ. ಎರಡು ಸಲ ಬಂದಿದ್ದಾರೆ, ಎರಡು ಸಲವೂ ಆರಾರು ತಿಂಗಳು. ಅಪ್ಪ ಬೆಳಿಗ್ಗೆ ಐದಕ್ಕೇ ಎದ್ದು ಅಲ್ಲೇ ಚಾಪೆ ಹಾಸಿಕೊಂಡು ಪ್ರಾಣಾಯಾಮ ಮಾಡುತ್ತಾರೆ.

ಆಫೀಸಿನಲ್ಲಿ ಒಬ್ಬರು ಜನವರಿ ರೇಡಾನ್ ಪರೀಕ್ಷೆಯ ತಿಂಗಳು ಅಂತ ಹೇಳಿದರು. ರೇಡಾನ್ ಅಂದರೆ ನೆಲದಡಿಯಿಂದ ಮನೆಯೊಳಗೆ ಬರುವ, ಶ್ವಾಸಕೋಶದ ಕ್ಯಾನ್ಸರ್ ತರಬಲ್ಲ ವಿಕಿರಣದ ಅನಿಲವಂತೆ. ಹಾರ್ಡ್‌ವೇರ್ ಅಂಗಡಿಯಲ್ಲಿ ಕಿಟ್ ತಂದು ನಾಲ್ಕು ದಿನ ಇಟ್ಟು ಲ್ಯಾಬ್‌ಗೆ ಕಳಿಸಿದೆ. ನಿನ್ನೆ ಇಮೇಲ್ ಬಂತು. ಒಂದು ಲೀಟರ್ ಗಾಳಿಗೆ 11.8 ಪಿಕೋಕ್ಯೂರಿ, ಅದು ವಿಕಿರಣ ಅಳೆಯುವ ಲೆಕ್ಕ. 4ರ ಮೇಲಿದ್ದರೆ ಸರಿಪಡಿಸಿ ಅಂತ ಅದರಲ್ಲೇ ಬರೆದಿದೆ. ಪಕ್ಕದ ಮನೆಯವರಿಗೆ ಬರೀ 2.1 ಬಂದಿತ್ತಂತೆ. ಹಾಗಾದರೆ ನಮ್ಮ ಕಿಟ್ಟೇ ಸರಿ ಇಲ್ಲವಾ? ಈಗಾಗಲೇ ಒಂದು ವರ್ಷ ಅವರನ್ನು ಆ ರೂಮಿನಲ್ಲಿ ಮಲಗಿಸಿದ್ದೇನೆ. ಅಪ್ಪ ಮೊದಲು ಸಿಗರೇಟ್ ಸೇದುತ್ತಿದ್ದರು, ಬಿಟ್ಟು ಇಪ್ಪತ್ತು ವರ್ಷ ಆಯಿತು. ರಾತ್ರಿ ನಿದ್ದೆ ಬರಲಿಲ್ಲ. ತಿಳಿದವರು ದಯವಿಟ್ಟು ಹೇಳಿ.

ಸುಣ್ಣಕಲ್ಲು · ಜನವರಿ 11

ತುಂಗೆತೀರ ಅವರೇ, ನಾನೂ ಪೆನ್ಸಿಲ್ವೇನಿಯಾದವನೇ. ಮನೆ ತಪಾಸಣೆ ನನ್ನ ಕೆಲಸ, ರೇಡಾನ್ ಪರೀಕ್ಷೆಗೂ ರಾಜ್ಯದ ಸರ್ಟಿಫಿಕೇಟ್ ಇದೆ. ಮೊದಲು ಗಾಬರಿ ಬಿಡಿ. ನೀವು ತಪ್ಪು ಮಾಡಿಲ್ಲ. ಪರೀಕ್ಷೆ ಮಾಡಿದ್ದೇ ದೊಡ್ಡದು, ಸುಮಾರು ಜನ ಅದನ್ನೂ ಮಾಡುವುದಿಲ್ಲ. ನಮ್ಮ ರಾಜ್ಯದಲ್ಲಿ ಹತ್ತು ಮನೆಯಲ್ಲಿ ನಾಲ್ಕಕ್ಕೆ 4ರ ಮೇಲೇ ಬರುತ್ತದೆ.

ಮೂರು ವಿಷಯ ಹೇಳಿ. ಕಿಟ್ ಎಲ್ಲಿ ಇಟ್ಟಿದ್ದಿರಿ? ಆ ನಾಲ್ಕು ದಿನ ಕಿಟಕಿ ಬಾಗಿಲು ಮುಚ್ಚಿತ್ತಾ? ತೆಗೆದ ದಿನವೇ ಪೋಸ್ಟ್‌ಗೆ ಹಾಕಿದಿರಾ?

ತುಂಗೆತೀರ · ಜನವರಿ 11

ಚಳಿಗಾಲ ಅಲ್ವಾ, ಎಲ್ಲ ಮುಚ್ಚೇ ಇತ್ತು. ಅದೇ ದಿನ ಪೋಸ್ಟ್ ಮಾಡಿದೆ. ಆದರೆ ಕಿಟ್ ಇಟ್ಟಿದ್ದು ಲಾಂಡ್ರಿ ರೂಮಿನಲ್ಲಿ, ಸಂಪ್ ಪಿಟ್ (ನೆಲದಡಿಯ ನೀರು ಬಂದು ಸೇರುವ ಗುಂಡಿ) ಮುಚ್ಚಳದ ಮೇಲೆ. ಮಕ್ಕಳ ಕೈಗೆ ಸಿಗಬಾರದು ಅಂತ.

ಸುಣ್ಣಕಲ್ಲು · ಜನವರಿ 11

ಹಾಗಾದರೆ ಇನ್ನೊಂದು ಸಲ ಮಾಡಲೇಬೇಕು. ಸಂಪ್ ಪಿಟ್ ಅಂದರೆ ನೆಲಕ್ಕೆ ತೆರೆದ ಬಾಯಿ. ಮಣ್ಣಿನ ಗಾಳಿ ಮೊದಲು ಮೇಲೆ ಬರುವುದೇ ಅಲ್ಲಿಂದ. ರೂಮಿನಲ್ಲಿ ಇರುವುದಕ್ಕಿಂತ ಜಾಸ್ತಿ ತೋರಿಸಿರಬಹುದು. ಹಾಗಂತ ರೂಮಿನಲ್ಲಿ ಕಡಿಮೆಯೇ ಇದೆ ಅಂತ ಅಂದುಕೊಳ್ಳುವ ಹಾಗೂ ಇಲ್ಲ.

ಎರಡು ಕಿಟ್ ತನ್ನಿ. ಎರಡನ್ನೂ ಅಪ್ಪ ಅಮ್ಮ ಮಲಗುವ ರೂಮಿನಲ್ಲೇ, ಒಂದರ ಪಕ್ಕ ಒಂದು ಇಡಿ. ನೆಲದಿಂದ ಕಡಿಮೆ ಅಂದರೂ 20 ಇಂಚು ಮೇಲೆ ಇರಲಿ, ಅಂದರೆ ಒಂದು ಸ್ಟೂಲ್ ಎತ್ತರ. ಕಿಟಕಿ, ಹೊರಬಾಗಿಲಿನಿಂದ 3 ಅಡಿ ದೂರ, ಹೊರಗೋಡೆಯಿಂದ 1 ಅಡಿ. ಹೀಟರ್ ಗಾಳಿ ನೇರ ಬೀಳಬಾರದು. ಅಡುಗೆಮನೆ, ಬಾತ್‌ರೂಮ್, ಲಾಂಡ್ರಿ ಬೇಡ. ತೇವಕ್ಕೆ ಕಿಟ್ ಒಳಗಿನ ಇದ್ದಿಲು ಕೆಡುತ್ತದೆ, ರೇಡಾನ್ ಹಿಡಿಯುವುದೇ ಅದು.

ಕಿಟ್ ತೆರೆಯುವ 12 ಗಂಟೆ ಮೊದಲೇ ಇಡೀ ಮನೆಯ ಕಿಟಕಿ ಮುಚ್ಚಿ. ಬರೀ ಬೇಸ್‌ಮೆಂಟ್ ಮುಚ್ಚಿದರೆ ಸಾಲದು. ನೀವು ಓಡಾಡಲು ಬಾಗಿಲು ತೆಗೆದು ಹಾಕಬಹುದು. ಮುಗಿದ ಕೂಡಲೇ ಬಿಗಿಯಾಗಿ ಮುಚ್ಚಿ, ಶುರು ಮಾಡಿದ ಹೊತ್ತು, ಮುಗಿಸಿದ ಹೊತ್ತು ಎರಡನ್ನೂ ಚೀಟಿಯಲ್ಲಿ ಬರೆದು ಆವತ್ತೇ ಕಳಿಸಿ. ಇದ್ದಿಲಿನಲ್ಲಿ ಹಿಡಿದುಕೊಂಡ ರೇಡಾನ್ 3.8 ದಿನಕ್ಕೆ ಅರ್ಧ ಆಗಿಬಿಡುತ್ತದೆ. ಶುಕ್ರವಾರ ತೆಗೆದು ಸೋಮವಾರ ಪೋಸ್ಟ್ ಮಾಡಿದರೆ ಲ್ಯಾಬ್ ತಲುಪುವ ಹೊತ್ತಿಗೆ ಅರ್ಧಕ್ಕಿಂತ ಕಡಿಮೆ ಉಳಿದಿರುತ್ತದೆ.

ಮೊದಲ ಸಲ 4ರಿಂದ 8ರ ಒಳಗೆ ಬಂದಿದ್ದರೆ ನಿಧಾನವಾಗಿ ಮೂರು ತಿಂಗಳ ಪರೀಕ್ಷೆ ಮಾಡಿ ಅನ್ನುತ್ತಿದ್ದೆ. 8ಕ್ಕಿಂತ ಜಾಸ್ತಿ ಬಂದರೆ ತಡ ಮಾಡದೆ ಇನ್ನೊಂದು ಚಿಕ್ಕ ಪರೀಕ್ಷೆ ಮಾಡುವುದು ಇಲ್ಲಿನ ಕ್ರಮ. ಪಕ್ಕದ ಮನೆಯ 2.1 ಬಗ್ಗೆ ತಲೆ ಕೆಡಿಸಿಕೊಳ್ಳಬೇಡಿ. ಅದು ಅವರ ಮನೆಯ ರೇಡಾನ್ ಲೆಕ್ಕ, ನಿಮ್ಮ ಮನೆಯದ್ದಲ್ಲ.

ಎಡಿಸನ್ ಹೊಸಮನೆ · ಜನವರಿ 12

ನಾನು ಸ್ವಲ್ಪ ಬೇರೆ ಮಾತು ಹೇಳುತ್ತೇನೆ, ಯಾರೂ ಬೇಜಾರು ಮಾಡಿಕೊಳ್ಳಬೇಡಿ. ನಮ್ಮದು ನ್ಯೂಜೆರ್ಸಿ, 2018ರಲ್ಲಿ ಕಟ್ಟಿದ ಮನೆ. ನೆಲದಲ್ಲಿ ಒಂದು ಕೂದಲೆಳೆ ಬಿರುಕೂ ಇಲ್ಲ. ಈ ರೇಡಾನ್ ಅಂತ ಹೇಳುವವರು ಯಾರು ನೋಡಿ. ಕಿಟ್ ಮಾರುವವರು, ಪೈಪ್ ಹಾಕುವವರು. ಕಾಣುವುದಿಲ್ಲ, ವಾಸನೆ ಇಲ್ಲ, ಕೆಮ್ಮು ಬರಲ್ಲ, ಕಣ್ಣು ಉರಿಯಲ್ಲ. ಅಂಥದ್ದಕ್ಕೆ ಸಾವಿರಾರು ಡಾಲರ್ ಕೊಡಬೇಕಾ? ನಮ್ಮ ಬೀದಿಯಲ್ಲಿ ಯಾರೂ ಮಾಡಿಸಿಲ್ಲ, ಎಲ್ಲ ಚೆನ್ನಾಗೇ ಇದ್ದಾರೆ.

ಹಳೇಬೇರು · ಜನವರಿ 12

ಹೊಸಮನೆ ಅವರೇ, ಬೇಜಾರು ಯಾಕೆ, ಕೇಳಬೇಕಾದ ಪ್ರಶ್ನೆಯೇ. ನಾನು ಪೆನ್ಸಿಲ್ವೇನಿಯಾದ ಬರ್ಕ್ಸ್ ಕೌಂಟಿಗೆ ಬಂದಿದ್ದು 1989ರಲ್ಲಿ. ಆಗ ಇಲ್ಲಿ ಯಾರ ಮನೆಗೆ ಊಟಕ್ಕೆ ಹೋದರೂ ಇದೇ ಮಾತು. ಯಾಕೆ ಅಂತ ಹೇಳುತ್ತೇನೆ. ಸ್ವಲ್ಪ ಉದ್ದ ಆಗುತ್ತದೆ.

1984ರ ಡಿಸೆಂಬರ್. ಲಿಮರಿಕ್ ಅಂತ ಹೊಸ ಪರಮಾಣು ವಿದ್ಯುತ್ ಸ್ಥಾವರ ತಯಾರಾಗುತ್ತಿತ್ತು. ಸ್ಟ್ಯಾನ್ಲಿ ವಾಟ್ರಾಸ್ ಅಂತ ಒಬ್ಬ ಎಂಜಿನಿಯರ್ ಅಲ್ಲಿ ಕೆಲಸ ಮಾಡುತ್ತಿದ್ದರು. ಮೈಗೆ ವಿಕಿರಣ ಅಂಟಿದೆಯಾ ಅಂತ ನೋಡುವ ಯಂತ್ರ ಬಾಗಿಲಲ್ಲೇ ಇರುತ್ತದಲ್ಲ, ಅದು ಇವರು ಬಂದಾಗಲೆಲ್ಲ ಬಡಿದುಕೊಳ್ಳುತ್ತಿತ್ತು. ಸ್ಥಾವರದೊಳಗೆ ಎಲ್ಲಿ ಸೋರುತ್ತಿದೆ ಅಂತ ಹುಡುಕಿದರು. ಒಳಗೆ ವಿಕಿರಣ ಹುಟ್ಟುವ ಕೆಲಸ ಇನ್ನೂ ಶುರುವೇ ಆಗಿರಲಿಲ್ಲ. ಒಂದು ದಿನ ಬೆಳಿಗ್ಗೆ ಬಂದವರೇ ಒಳಗೆ ಕೆಲಸಕ್ಕೆ ಹೋಗದೆ ಸೀದಾ ಯಂತ್ರದ ಮುಂದೆ ನಿಂತರು. ಆಗಲೂ ಬಡಿದುಕೊಂಡಿತು. ಅಂದರೆ ಅದು ಮನೆಯಿಂದಲೇ ಬರುತ್ತಿದೆ!

ಬಾಯರ್‌ಟೌನ್ ಹತ್ತಿರದ ಅವರ ಮನೆಯಲ್ಲಿ ಅಳೆದರೆ ಸುಮಾರು 2,700 ಪಿಕೋಕ್ಯೂರಿ. ಇವತ್ತಿನ ಮಿತಿ 4. ಹೆಂಡತಿ ಮಕ್ಕಳ ಜೊತೆ ಕೂಡಲೇ ಮನೆ ಬಿಡಿ ಅಂದರು, ಬಿಟ್ಟರು. ಮನೆ ಕಟ್ಟಿದ್ದು ಯುರೇನಿಯಂ ಇರುವ ಬಂಡೆಯ ಮೇಲೆ. ರೀಡಿಂಗ್ ಪ್ರಾಂಗ್ ಅಂತ ಒಂದು ಬಂಡೆಸಾಲು ನಮ್ಮ ರೀಡಿಂಗ್ ಊರಿನಿಂದ ನ್ಯೂಜೆರ್ಸಿ, ನ್ಯೂಯಾರ್ಕ್ ಕಡೆಗೆ ಹೋಗುತ್ತದೆ. ಎಲ್ಲಕ್ಕಿಂತ ಮುಖ್ಯವಾದ ಮಾತು ಕೇಳಿ. ಅವರ ಪಕ್ಕದ ಮನೆಯಲ್ಲಿ ಅಳೆದಾಗ ಅಂಥದ್ದೇನೂ ಇರಲಿಲ್ಲ. ಒಂದೇ ಬೀದಿ, ಒಂದೇ ಮಣ್ಣು, ಆದರೂ ಆ ಬಂಡೆಯ ಬಿರುಕು ಇವರ ಬುಡಕ್ಕೇ ಬಂದಿತ್ತು.

ಕೆಲವು ತಿಂಗಳಲ್ಲಿ ಮನೆ ಸರಿಪಡಿಸಿದರು, ಅವರು ವಾಪಸ್ ಬಂದು ಅದೇ ಮನೆಯಲ್ಲಿ ಸಂಸಾರ ಮಾಡಿದರು. ಆ ಮೇಲೆಯೇ ಅಮೆರಿಕದಲ್ಲಿ ಮನೆ ಮನೆ ಅಳೆಯಲು ಶುರು ಆಗಿದ್ದು. 1986ರಲ್ಲಿ ನಿಮ್ಮ ನ್ಯೂಜೆರ್ಸಿಯ ಕ್ಲಿಂಟನ್‌ನಲ್ಲೂ ಒಂದು ಬಡಾವಣೆಯ ಮನೆಗಳಲ್ಲಿ ಸಿಕ್ಕಿತು. ನಿಮ್ಮ ಬೀದಿಯಲ್ಲಿ ಯಾರೂ ಮಾಡಿಸಿಲ್ಲ ಅಂದರೆ ಯಾರಿಗೂ ಗೊತ್ತಿಲ್ಲ ಅಂತಷ್ಟೇ ಅರ್ಥ.

ಶಿಲೆಗಳ ಮೇಡಂ · ಜನವರಿ 12

ಭೂವಿಜ್ಞಾನ ಪಾಠ ಮಾಡಿದವಳು, ಸುಮ್ಮನಿರಲು ಆಗುತ್ತಿಲ್ಲ.

ಕಲ್ಲು ಮಣ್ಣಿನಲ್ಲಿ ಎಲ್ಲ ಕಡೆ ಸ್ವಲ್ಪ ಯುರೇನಿಯಂ ಇದ್ದೇ ಇರುತ್ತದೆ. ಅದು ಹಂತ ಹಂತವಾಗಿ ಒಡೆದು ರೇಡಿಯಂ ಆಗುತ್ತದೆ. ರೇಡಿಯಂನ ಅರ್ಧಾಯುಷ್ಯ, ಅಂದರೆ ಇದ್ದದ್ದರಲ್ಲಿ ಅರ್ಧ ಒಡೆಯಲು ಬೇಕಾದ ಕಾಲ, 1,600 ವರ್ಷ. ಅದು ಒಡೆದಾಗ ಹುಟ್ಟುವುದೇ ರೇಡಾನ್. ಈ ಸಾಲಿನಲ್ಲಿ ಹಿಂದೆ ಮುಂದೆ ಇರುವುದೆಲ್ಲ ಗಟ್ಟಿ ವಸ್ತು, ಇದೊಂದೇ ಅನಿಲ. ಹಾಗಾಗಿ ಇದಕ್ಕೊಂದಕ್ಕೆ ಕಲ್ಲಿನ ಸಂದಿನಿಂದ ಎದ್ದು ಬರಲು ಆಗುತ್ತದೆ. ಒರತೆ ಬಾವಿ ಇದ್ದ ಹಾಗೆ. ಎಷ್ಟು ಮೊಗೆದರೂ ಕೆಳಗಿಂದ ಬರುತ್ತಲೇ ಇರುತ್ತದೆ. ಇವತ್ತು ಕಿಟಕಿ ತೆಗೆದು ಓಡಿಸಿದಿರಿ, ನಾಳೆ ಮುಚ್ಚಿದರೆ ಮತ್ತೆ ತುಂಬಿಕೊಳ್ಳುತ್ತದೆ.

ಮನೆಯೊಳಗೆ ಹೇಗೆ ಬರುತ್ತದೆ ಅಂದರೆ, ಊರಲ್ಲಿ ಬಚ್ಚಲುಮನೆಯ ಹಂಡೆ ಒಲೆ ನೋಡಿದ್ದೀರಲ್ಲ? ಚಿಮಣಿಯಲ್ಲಿ ಬಿಸಿ ಗಾಳಿ ಮೇಲೆ ಹೋದ ಹಾಗೆಲ್ಲ ಒಲೆ ಬಾಯಿಂದ ತಣ್ಣನೆ ಗಾಳಿ ಒಳಗೆ ನುಗ್ಗುತ್ತದೆ. ಚಳಿಗಾಲದಲ್ಲಿ ಹೀಟರ್ ಹಾಕಿದ ಮನೆ ಪೂರ್ತಿ ಒಂದು ಚಿಮಣಿ. ಬಿಸಿ ಗಾಳಿ ಅಟ್ಟದ ಸಂದಿಯಿಂದ ಹೊರಗೆ ಹೋಗುತ್ತದೆ. ಬೇಸ್‌ಮೆಂಟ್ ಕೆಳಗಿನ ಮಣ್ಣಿನ ಗಾಳಿಯನ್ನು ಎಳೆದುಕೊಳ್ಳುತ್ತದೆ. ಗೋಡೆ ನೆಲ ಸೇರುವ ಮೂಲೆ, ಪೈಪ್ ಸುತ್ತಲಿನ ಸಂದು, ಸಂಪ್ ಪಿಟ್, ಇಷ್ಟು ಸಾಕು. ಹೊಸಮನೆ ಅವರೇ, ಹೊಸ ಮನೆಗಳು ಬಿಗಿಯಾಗಿರುತ್ತವೆ. ಒಳಗೆ ಬಂದದ್ದು ಹೊರಗೆ ಹೋಗುವುದೂ ಕಷ್ಟ.

ಇನ್ನು 11.8 ಅಂದರೆ ಏನು? 1 ಪಿಕೋಕ್ಯೂರಿ ಅಂದರೆ ಒಂದು ಲೀಟರ್ ಗಾಳಿಯಲ್ಲಿ ನಿಮಿಷಕ್ಕೆ ಎರಡು ಚಿಲ್ಲರೆ ಪರಮಾಣು ಒಡೆಯುತ್ತವೆ ಅಂತ. 11.8ಕ್ಕೆ ನಿಮಿಷಕ್ಕೆ ಸುಮಾರು 26. ಎರಡು ಅರ್ಧ ಲೀಟರ್ ಹಾಲಿನ ಪ್ಯಾಕೆಟ್‌ನಷ್ಟು ಗಾಳಿಯಲ್ಲಿ. ರೇಡಾನ್ ಅನ್ನು ಉಸಿರಾಡಿದರೆ ಬಹುಪಾಲು ಹಾಗೇ ಹೊರಗೆ ಹೋಗುತ್ತದೆ. ತೊಂದರೆ ಅದರ ಮಕ್ಕಳದ್ದು. ಅದು ಒಡೆದು ಆಗುವ ಪೊಲೋನಿಯಂ ಗಟ್ಟಿ ವಸ್ತು, ಧೂಳಿಗೆ ಅಂಟಿಕೊಂಡು ಶ್ವಾಸಕೋಶದಲ್ಲಿ ಕೂರುತ್ತದೆ. ಅಲ್ಲೇ ಒಡೆದು ಆಲ್ಫಾ ಕಣ ಬಿಡುತ್ತದೆ. ಆಲ್ಫಾ ಕಣವನ್ನು ಒಂದು ಕಾಗದ ತಡೆಯುತ್ತದೆ, ಆದರೆ ಶ್ವಾಸಕೋಶದ ಒಳಪೊರೆಗೆ ಅಷ್ಟು ಅಡ್ಡವೂ ಇಲ್ಲ.

ಕ್ಯಾಲ್ಗರಿ ಹಿಮ · ಜನವರಿ 13

ಕೆನಡಾದಿಂದ. ಇಲ್ಲಿ ಲೆಕ್ಕ ಒಂದು ಘನ ಮೀಟರ್ ಗಾಳಿಗೆ ಎಷ್ಟು ಬೆಕ್ವೆರೆಲ್ ಅಂತ. ಲೀಟರಿಗೆ 1 ಪಿಕೋಕ್ಯೂರಿ ಅಂದರೆ ಘನ ಮೀಟರಿಗೆ 37 ಬೆಕ್ವೆರೆಲ್, ಹಾಗಾಗಿ ನಿಮ್ಮದು ಸುಮಾರು 437. ಇಲ್ಲಿನ ಮಿತಿ 200, ಅಮೆರಿಕದ 4 ಅಂದರೆ 148. ವಿಶ್ವ ಆರೋಗ್ಯ ಸಂಸ್ಥೆ 2009ರಲ್ಲಿ 100 ಅಂತ ಹೇಳಿತು. ಆಗದ ಕಡೆ 300 ದಾಟದಂತೆ ನೋಡಿ ಅಂದಿತು. ಮೂರು ಕಡೆ ಮೂರು ಗೆರೆ ಯಾಕೆ ಅಂತ ಕೇಳಬೇಡಿ. ಗೆರೆಯ ಕೆಳಗೆ ಅಪಾಯವೇ ಇಲ್ಲ ಅಂತ ಯಾರೂ ಹೇಳಿಲ್ಲ.

ಇಲ್ಲಿ ನಾಲ್ಕು ದಿನದ ಪರೀಕ್ಷೆ ನಂಬಿ ತೀರ್ಮಾನ ಮಾಡುವುದಿಲ್ಲ. ಕಡಿಮೆ ಅಂದರೂ ಮೂರು ತಿಂಗಳು, ಅದೂ ಹೀಟರ್ ಉರಿಯುವ ಕಾಲದಲ್ಲಿ. ಆಲ್ಫಾ ಟ್ರ್ಯಾಕ್ ಅಂತ ಒಂದು ಪುಟ್ಟ ಕಪ್ಪು ಡಬ್ಬಿ, ಒಳಗೆ ಉಗುರಿನಷ್ಟು ಪ್ಲಾಸ್ಟಿಕ್ ಬಿಲ್ಲೆ. ಆಲ್ಫಾ ಕಣ ಬಡಿದಲ್ಲೆಲ್ಲ ಗೀರು ಬೀಳುತ್ತದೆ. ಲ್ಯಾಬ್‌ನಲ್ಲಿ ರಾಸಾಯನಿಕದಲ್ಲಿ ತೊಳೆದು ಮೈಕ್ರೋಸ್ಕೋಪ್‌ನಲ್ಲಿ ಎಣಿಸುತ್ತಾರೆ. ನಾನು ಪುಸ್ತಕದ ಕಪಾಟಿನ ಮೇಲೆ ಇಟ್ಟು ಮರೆತೇಬಿಟ್ಟಿದ್ದೆ, ಮೂರು ತಿಂಗಳಾದ ಮೇಲೆ ಫೋನಿನ ಅಲಾರಾಂ ನೆನಪಿಸಿತು. ನಮ್ಮದು 260 ಬಂತು. ಸರಿಪಡಿಸಿದೆವು.

ತುಂಗೆತೀರ ಅವರಿಗೆ ಮಾರ್ಚ್ ಗಡುವು ಇದೆ, ಅವರು ಕಾಯುವುದು ಬೇಡ. ಉಳಿದವರು ಉದ್ದದ ಪರೀಕ್ಷೆ ಮಾಡಿ ಅಂತ ನನ್ನ ಸಲಹೆ.

ಜೋಳದ ಹೊಲ · ಜನವರಿ 14

ಬರೆಯಲೋ ಬೇಡವೋ ಅಂತ ಎರಡು ದಿನ ಯೋಚಿಸಿದೆ.

ನಾವು ಅಯೋವಾದಲ್ಲಿ ಹದಿನಾರು ವರ್ಷದಿಂದ ಇದ್ದೇವೆ. ನನ್ನ ಹೆಂಡತಿಗೆ 2019ರಲ್ಲಿ ಶ್ವಾಸಕೋಶದ ಕ್ಯಾನ್ಸರ್ ಅಂತ ಗೊತ್ತಾಯಿತು. ಅವಳು ಜೀವಮಾನದಲ್ಲಿ ಒಂದು ಸಿಗರೇಟ್ ಮುಟ್ಟಿದವಳಲ್ಲ. ನಮ್ಮ ಮನೆಯಲ್ಲೂ ಯಾರೂ ಸೇದುವುದಿಲ್ಲ. ಡಾಕ್ಟರ್ ಮೊದಲ ದಿನವೇ ಕೇಳಿದರು, ಮನೆಯಲ್ಲಿ ರೇಡಾನ್ ನೋಡಿಸಿದ್ದೀರಾ ಅಂತ. ಆ ಪದ ನಾನು ಕೇಳಿದ್ದು ಅವತ್ತೇ. ಅವಳು ಬೇಸ್‌ಮೆಂಟ್‌ನಲ್ಲಿ ಕೂತು ಹೊಲಿಗೆ ಕೆಲಸ ಮಾಡುತ್ತಿದ್ದಳು, ದಿನಕ್ಕೆ ಏಳೆಂಟು ಗಂಟೆ. ಪರೀಕ್ಷೆ ಮಾಡಿಸಿದೆ, 14.3 ಬಂತು.

ಅದರಿಂದಲೇ ಆಯಿತು ಅಂತ ಯಾರೂ ಹೇಳಲಾರರು, ಡಾಕ್ಟರೂ ಹೇಳಲಿಲ್ಲ. ಒಬ್ಬರ ಮೈಯಲ್ಲಿ ಯಾವುದರಿಂದ ಬಂತು ಅಂತ ಗೊತ್ತು ಮಾಡುವ ದಾರಿ ಇಲ್ಲ. ಆದರೆ ಅಯೋವಾ ವಿಶ್ವವಿದ್ಯಾಲಯದವರು ಒಂದೇ ಮನೆಯಲ್ಲಿ 20 ವರ್ಷಕ್ಕೂ ಹೆಚ್ಚು ಇದ್ದ ಸಾವಿರಕ್ಕೂ ಮೇಲ್ಪಟ್ಟು ಹೆಂಗಸರನ್ನು ಸೇರಿಸಿ ಮಾಡಿದ ಅಧ್ಯಯನ 2000ದಲ್ಲಿ ಬಂದಿದೆ. ಮನೆಯ ರೇಡಾನ್ ಜಾಸ್ತಿ ಆದ ಹಾಗೆ ಕ್ಯಾನ್ಸರೂ ಜಾಸ್ತಿ ಅಂತ ಅದರಲ್ಲಿ ಕಂಡಿದೆ. ಈ ದೇಶದಲ್ಲಿ ವರ್ಷಕ್ಕೆ ಸುಮಾರು 21,000 ಜನ ರೇಡಾನ್‌ನಿಂದ ಬರುವ ಶ್ವಾಸಕೋಶದ ಕ್ಯಾನ್ಸರ್‌ಗೆ ಸಾಯುತ್ತಾರೆ ಅಂತ ಸರ್ಕಾರದ ಅಂದಾಜು. ಅದರಲ್ಲಿ 2,900 ಜನ ಯಾವತ್ತೂ ಸೇದದವರು.

ಅವಳು 2021ರಲ್ಲಿ ಹೋದಳು. ಹೊಸಮನೆ ಅವರೇ, ನಿಮ್ಮ ಮೇಲೆ ಕೋಪ ಇಲ್ಲ. ನಾನೂ ಕೇಳಿದ್ದರೆ ನಿಮ್ಮ ಹಾಗೇ ಹೇಳುತ್ತಿದ್ದೆ. ಕಿಟ್‌ಗೆ ಇಪ್ಪತ್ತು ಡಾಲರ್ ಆಗಿರಬಹುದು. ಒಂದು ತನ್ನಿ.

ಎಡಿಸನ್ ಹೊಸಮನೆ · ಜನವರಿ 14

ಸರ್, ಓದಿ ಏನು ಬರೆಯಬೇಕು ಅಂತ ತಿಳಿಯಲಿಲ್ಲ. ಕ್ಷಮಿಸಿ. ತರುತ್ತೇನೆ.

ಬಸವನಗುಡಿ · ಜನವರಿ 15

ನಾವು ಬೆಂಗಳೂರಿನಲ್ಲಿರುವವರು ಯೋಚನೆ ಮಾಡಬೇಕಾ? ಇಲ್ಲಿ ಮನೆ ತುಂಬ ಗ್ರಾನೈಟ್. ನೆಲ, ಮೆಟ್ಟಿಲು, ಅಡುಗೆ ಕಟ್ಟೆ ಎಲ್ಲ.

ಶಿಲೆಗಳ ಮೇಡಂ · ಜನವರಿ 15

ಅಡುಗೆ ಕಟ್ಟೆ ಕಿತ್ತು ಹಾಕಬೇಡಿ. ಪಾಲಿಶ್ ಆದ ಚಪ್ಪಡಿಯಿಂದ ಬರುವುದು ತೀರಾ ಸ್ವಲ್ಪ. ಯಾವಾಗಲೂ ನೋಡಬೇಕಾದ್ದು ಮನೆಯ ಬುಡದ ಮಣ್ಣು, ಬಂಡೆ.

ನಮ್ಮ ಹಳೇ ಮೈಸೂರು ಸೀಮೆಯ ಬುಡದಲ್ಲಿ ಗ್ರಾನೈಟ್ ಮತ್ತು ಅದರ ನೆಂಟ ಕಲ್ಲುಗಳೇ. ಕೋಲಾರ, ಚಿಕ್ಕಬಳ್ಳಾಪುರ ಕಡೆ ಆಳದ ಬೋರ್‌ವೆಲ್ ನೀರಿನಲ್ಲಿ ಯುರೇನಿಯಂ ಕಾಣಿಸಿಕೊಂಡಿರುವುದೂ ಅದರಿಂದಲೇ. ಮೈಸೂರು ವಿಶ್ವವಿದ್ಯಾಲಯದ ಭೌತಶಾಸ್ತ್ರದವರು ಬಹಳ ವರ್ಷಗಳಿಂದ ಮೈಸೂರು, ಬೆಂಗಳೂರು ಸುತ್ತಲಿನ ಮನೆಗಳಲ್ಲಿ ಫಿಲ್ಮ್ ಡಬ್ಬಿ ತೂಗುಹಾಕಿ ರೇಡಾನ್ ಅಳೆದಿದ್ದಾರೆ. ಗಾಳಿ ಆಡದ ಮನೆಯಲ್ಲಿ ಜಾಸ್ತಿ, ಆಡುವ ಮನೆಯಲ್ಲಿ ಕಡಿಮೆ.

ನಮ್ಮ ಪುಣ್ಯಕ್ಕೆ ಅಲ್ಲಿನ ಮನೆಗಳಲ್ಲಿ ಕಿಟಕಿ ತೆಗೆದೇ ಇರುತ್ತದೆ. ಹಳೇ ಮನೆಗಳಲ್ಲಿ ಗವಾಕ್ಷಿ ಬೇರೆ. ಚಳಿಗೆ ಹೆದರಿ ಆರು ತಿಂಗಳು ಮುಚ್ಚುವ ಮಾತೇ ಇಲ್ಲ, ಬೇಸ್‌ಮೆಂಟ್‌ನಲ್ಲಿ ಮಲಗುವವರೂ ಕಡಿಮೆ. ಆದರೆ ಈಗ ನೆಲಮಹಡಿಯಲ್ಲಿ ಎಸಿ ಹಾಕಿ ಕಿಟಕಿಗೆ ರಬ್ಬರ್ ಪಟ್ಟಿ ಅಂಟಿಸುವವರು ಜಾಸ್ತಿ ಆಗಿದ್ದಾರೆ. ನೀವು ಹಾಗಿದ್ದರೆ ದಿನಕ್ಕೆ ಸ್ವಲ್ಪ ಹೊತ್ತಾದರೂ ಕಿಟಕಿ ತೆಗೆದಿಡಿ.

ತುಂಗೆತೀರ · ಜನವರಿ 26

ಎರಡನೇ ಫಲಿತಾಂಶ ಬಂತು. ಪಕ್ಕಪಕ್ಕ ಇಟ್ಟ ಎರಡು ಕಿಟ್‌ಗಳಲ್ಲಿ 9.6 ಮತ್ತು 10.2. ಸರಿಯಾದ ಜಾಗದಲ್ಲೇ ಇಟ್ಟಿದ್ದೆ, ಅಪ್ಪನ ಮಂಚದ ಪಕ್ಕದ ಮೇಜಿನ ಮೇಲೆ. ಅಪ್ಪ ಮಲಗುವಾಗ ತಲೆ ಇಡುವ ಎತ್ತರ ಅದು. ಇನ್ನು ಅನುಮಾನ ಇಲ್ಲ.

ಸುಣ್ಣಕಲ್ಲು ಅವರೇ, ಒಂದು ವರ್ಷ ಅವರು ಅಲ್ಲಿ ಇದ್ದರಲ್ಲ, ಅದಕ್ಕೆ ಏನಾದರೂ ಟೆಸ್ಟ್ ಇದೆಯಾ? ಇನ್ನೊಂದು, ಒಳ್ಳೆಯ ಏರ್ ಪ್ಯೂರಿಫೈಯರ್ ಇಟ್ಟರೆ ಆಗುವುದಿಲ್ಲವಾ?

ಸುಣ್ಣಕಲ್ಲು · ಜನವರಿ 26

ಮೈಯಲ್ಲಿ ಎಷ್ಟು ರೇಡಾನ್ ಹೋಗಿದೆ ಅಂತ ಹೇಳುವ ರಕ್ತಪರೀಕ್ಷೆ ಇಲ್ಲ. ಒಂದು ಲೆಕ್ಕ ಹೇಳುತ್ತೇನೆ, ಸಮಾಧಾನ ಆಗಬಹುದು. ಜೀವನಪೂರ್ತಿ 4ರ ಮನೆಯಲ್ಲಿ ಇದ್ದರೆ, ಸೇದದ 1,000 ಜನರಲ್ಲಿ ಸುಮಾರು 7 ಜನಕ್ಕೆ ಶ್ವಾಸಕೋಶದ ಕ್ಯಾನ್ಸರ್ ಬರಬಹುದು. ಸೇದುವವರಲ್ಲಿ 62. ಇದೆಲ್ಲ ಇಡೀ ಆಯುಷ್ಯದ ಲೆಕ್ಕ. ನಿಮ್ಮ ಅಪ್ಪ ಅಮ್ಮ ಇದ್ದದ್ದು ಒಟ್ಟು ಒಂದು ವರ್ಷ. ಅಪ್ಪ ಸಿಗರೇಟ್ ಬಿಟ್ಟಿದ್ದು ಇದೆಲ್ಲದಕ್ಕಿಂತ ದೊಡ್ಡ ಕೆಲಸ. ಡಾಕ್ಟರ್ ಹತ್ತಿರ ಹೋದಾಗ ಈ ವಿಷಯ ಒಂದು ಮಾತು ತಿಳಿಸಿರಲಿ. ನಿಜ ಹೇಳಬೇಕು ಅಂದರೆ ಅವರಿಗಿಂತ ನಿಮ್ಮ ಮಕ್ಕಳ ಬಗ್ಗೆ ಯೋಚಿಸಿ. ಆ ಮನೆಯಲ್ಲಿ ವರ್ಷಗಟ್ಟಲೆ ಇರುವವರು ಅವರು.

ಪ್ಯೂರಿಫೈಯರ್ ಧೂಳು ಹಿಡಿಯುತ್ತದೆ, ಅನಿಲ ಹಿಡಿಯುವುದಿಲ್ಲ. ಬರೀ ಬಿರುಕು ಮುಚ್ಚಿದರೂ ಸಾಲದು, ಇನ್ನೊಂದು ಸಂದು ಹುಡುಕಿಕೊಳ್ಳುತ್ತದೆ. ಪೈಪ್, ಫ್ಯಾನ್ ಹಾಕಿ ಅದನ್ನು ನೆಲದ ಕೆಳಗಿಂದಲೇ ಎಳೆದು ಮಾಡಿನ ಮೇಲೆ ಬಿಡಬೇಕು. ರಾಜ್ಯದ ಸರ್ಟಿಫಿಕೇಟ್ ಇರುವವರ ಹತ್ತಿರ ಮಾತ್ರ ಮಾಡಿಸಿ. ಕನಿಷ್ಠ ಇಬ್ಬರ ಹತ್ತಿರ ಎಷ್ಟಾಗುತ್ತದೆ ಅಂತ ಕೋಟ್ ತಗೊಳ್ಳಿ. ಕೆಲಸ ಮುಗಿಯುವ ತನಕ ಬೇಸ್‌ಮೆಂಟ್‌ನಲ್ಲಿ ಯಾರೂ ಜಾಸ್ತಿ ಹೊತ್ತು ಕೂರಬೇಡಿ.

ತುಂಗೆತೀರ · ಫೆಬ್ರವರಿ 3

ಎರಡು ಕೋಟ್ ಬಂದಿವೆ. ಒಬ್ಬರು 950 ಡಾಲರ್ ಅನ್ನುತ್ತಾರೆ, ಫ್ಯಾನ್ ಬೇಸ್‌ಮೆಂಟ್‌ನಲ್ಲೇ ಫರ್ನೇಸ್ ಪಕ್ಕ ಹಾಕುತ್ತಾರಂತೆ, ಒಂದೇ ದಿನದ ಅರ್ಧದಲ್ಲಿ ಮುಗಿಯುತ್ತದಂತೆ. ಇನ್ನೊಬ್ಬರು 1,450. ಪೈಪ್ ಗರಾಜ್ ಮೂಲಕ ಅಟ್ಟಕ್ಕೆ ಹೋಗಿ, ಫ್ಯಾನ್ ಅಟ್ಟದಲ್ಲಿ. ಮನೆಯವರು 950ರ ಕಡೆ ವಾಲುತ್ತಿದ್ದಾರೆ.

ಸುಣ್ಣಕಲ್ಲು · ಫೆಬ್ರವರಿ 3

950 ಬೇಡ. ಖಂಡಿತ ಬೇಡ. ಫ್ಯಾನ್ ಯಾವತ್ತೂ ಜನ ವಾಸ ಮಾಡುವ ಜಾಗದಲ್ಲಿ ಇರಬಾರದು. ಯಾಕೆ ಅಂದರೆ ಫ್ಯಾನ್ ಕೆಳಗಿನ ಪೈಪ್ ಎಳೆಯುತ್ತಿರುತ್ತದೆ, ಅಲ್ಲಿ ತೂತು ಬಿದ್ದರೆ ಮನೆ ಗಾಳಿ ಪೈಪ್ ಒಳಗೆ ಹೋಗುತ್ತದೆ ಅಷ್ಟೆ. ಫ್ಯಾನ್ ಮೇಲಿನ ಪೈಪ್ ತಳ್ಳುತ್ತಿರುತ್ತದೆ. ಅಲ್ಲಿ ಒಂದು ಜೋಡಣೆ ಸಡಿಲ ಆದರೆ ನೆಲದಡಿಯ ರೇಡಾನ್ ಎಲ್ಲ ತಂದು ನಿಮ್ಮ ರೂಮಿಗೇ ಸುರಿಯುತ್ತದೆ. ಅದಕ್ಕೇ ಫ್ಯಾನ್ ಅಟ್ಟದಲ್ಲೋ ಹೊರಗೋಡೆಯ ಮೇಲೋ ಇರಬೇಕು. ಹೀಗೆ ಕೆಳಗೆ ಕೂರಿಸಿದ್ದನ್ನು ನಾನೇ ಒಂದು ಮನೆಯಲ್ಲಿ ನೋಡಿದ್ದೇನೆ. ದುಡ್ಡು ಕೊಟ್ಟ ಮೇಲೆ ಆ ಮನೆಯಲ್ಲಿ ಮೊದಲಿಗಿಂತ ಜಾಸ್ತಿ ಬಂದಿತ್ತು.

ಇನ್ನೊಂದು ಮಾತು, ನಿಮ್ಮ ವಾಟರ್ ಹೀಟರ್ ಗ್ಯಾಸಿನದ್ದಾದರೆ, ಫ್ಯಾನ್ ಶುರುವಾದ ಮೇಲೆ ಅದರ ಹೊಗೆ ವಾಪಸ್ ಒಳಗೆ ಬರುತ್ತಿದೆಯಾ ಅಂತ ಅವರ ಹತ್ತಿರವೇ ಪರೀಕ್ಷೆ ಮಾಡಿಸಿ. ಕಾರ್ಬನ್ ಮೊನಾಕ್ಸೈಡ್ ಅಲಾರಾಂ ಇರಲೇಬೇಕು.

ತುಂಗೆತೀರ · ಫೆಬ್ರವರಿ 23

ಕೆಲಸ ಆಯಿತು. ಮುಂದೆ ಯಾರಿಗಾದರೂ ಉಪಯೋಗ ಆಗಲಿ ಅಂತ ವಿವರವಾಗಿ ಬರೆಯುತ್ತೇನೆ.

ಬೆಳಿಗ್ಗೆ ಎಂಟಕ್ಕೆ ಇಬ್ಬರು ಬಂದರು. ಲಾಂಡ್ರಿ ರೂಮಿನ ಮೂಲೆಯಲ್ಲಿ ಕಾಂಕ್ರೀಟ್ ನೆಲಕ್ಕೆ ಐದು ಇಂಚಿನ ತೂತು ಕೊರೆದರು. ಬಿಲ್ಲೆಯ ಹಾಗೆ ಕಾಂಕ್ರೀಟ್ ತುಂಡು ಈಚೆ ಬಂತು. ಕೆಳಗೆ ಜಲ್ಲಿ, ಅದರ ಕೆಳಗೆ ಕೆಂಪು ಮಣ್ಣು. ನೋಡಿದ ತಕ್ಷಣ ಊರು ನೆನಪಾಯಿತು. ಕೈ ಹಾಕಿ ಎರಡು ಬಕೆಟ್ ಜಲ್ಲಿ ಮಣ್ಣು ತೆಗೆದು ಗುಳಿ ಮಾಡಿದರು. ಆಮೇಲೆ ನೆಲದ ಆ ಕಡೆ ತುದಿಯಲ್ಲಿ ಬೆರಳು ಹೋಗುವಷ್ಟು ಇನ್ನೊಂದು ತೂತು ಹಾಕಿ, ಈ ಕಡೆ ವ್ಯಾಕ್ಯೂಮ್ ಹಚ್ಚಿ, ಆ ತೂತಿನ ಬಾಯಲ್ಲಿ ಊದುಬತ್ತಿ ಥರದ ಹೊಗೆಕಡ್ಡಿ ಹಿಡಿದರು. ಹೊಗೆ ಸುಯ್ಯೆಂದು ನೆಲದೊಳಗೆ ಹೋಯಿತು! ಇಡೀ ನೆಲದಡಿ ಗಾಳಿ ಆಡುತ್ತಿದೆ, ಒಂದು ಪೈಪ್ ಸಾಕು ಅಂದರು.

ಸಂಪ್ ಪಿಟ್‌ಗೆ ಗಾಳಿ ಆಡದ ಮುಚ್ಚಳ, ಗೋಡೆ ಮೂಲೆಗೆಲ್ಲ ಸೀಲ್. ಪಿವಿಸಿ ಪೈಪ್ ಗರಾಜ್ ಮೂಲಕ ಅಟ್ಟಕ್ಕೆ, ಅಲ್ಲಿ ಫ್ಯಾನ್, ಅಲ್ಲಿಂದ ಮಾಡಿನ ಮೇಲೆ. ಮಧ್ಯಾಹ್ನ ಮೂರಕ್ಕೆ ಮುಗಿಯಿತು. ಅಟ್ಟದ ಕೆಳಗಿನ ರೂಮಿನಲ್ಲಿ ಕಿವಿಗೊಟ್ಟರೆ ಫ್ರಿಜ್‌ನಷ್ಟು ಸದ್ದು.

ಪೈಪ್‌ಗೆ ಒಂದು ಚಿಕ್ಕ ಗಾಜಿನ ಕೊಳವೆ ಅಂಟಿಸಿದ್ದಾರೆ, ಬಸ್ಸಿನ ಸ್ಟೇರಿಂಗ್ ಅರ್ಧ ಕತ್ತರಿಸಿದ ಹಾಗೆ ಬಾಗಿದೆ, ಒಳಗೆ ಕೆಂಪು ನೀರು. ಎರಡೂ ಕಡೆ ನೀರು ಸಮ ಇದ್ದರೆ ಫ್ಯಾನ್ ನಿಂತಿದೆ ಅಂತ ಅರ್ಥ. ಒಂದು ಕಡೆ ಮೇಲೆ, ಒಂದು ಕಡೆ ಕೆಳಗೆ ಇದ್ದರೆ ಎಳೆಯುತ್ತಿದೆ. ನಮ್ಮದು ಒಂದೂವರೆ ತೋರಿಸುತ್ತಿದೆ.

ಕ್ಯಾಲ್ಗರಿ ಹಿಮ · ಫೆಬ್ರವರಿ 23

ತುಂಬ ಸಂತೋಷ. ಕೊಳವೆ ಫ್ಯಾನ್ ಓಡುತ್ತಿದೆಯಾ ಅಂತ ಮಾತ್ರ ಹೇಳುತ್ತದೆ, ರೇಡಾನ್ ಎಷ್ಟಿದೆ ಅಂತ ಹೇಳುವುದಿಲ್ಲ. ಒಂದು ದಿನ ಬಿಟ್ಟು ಮತ್ತೆ ಕಿಟ್ ಇಡಿ. ಪೈಪ್ ಹಾಕಿದವರ ಕೈಯಲ್ಲಿ ಬೇಡ, ನೀವೇ ಇಡಿ. ಆಮೇಲೆ ಎರಡು ವರ್ಷಕ್ಕೊಂದು ಸಲ.

ತುಂಗೆತೀರ · ಮಾರ್ಚ್ 6

0.9!

ಅದೇ ಮೇಜು, ಅದೇ ಜಾಗ. ಇಮೇಲ್ ಮೂರು ಸಲ ತೆಗೆದು ನೋಡಿದೆ.

ಹಳೇಬೇರು · ಮಾರ್ಚ್ 6

ತಾಯಿ, ಕಣ್ಣು ತುಂಬಿ ಬಂತು. ಅಪ್ಪ ಅಮ್ಮ ಬಂದ ಮೇಲೆ ನಮ್ಮ ಮನೆಗೆ ಕರೆದುಕೊಂಡು ಬನ್ನಿ, ಒಂದು ಗಂಟೆ ದಾರಿ ಅಷ್ಟೆ.

ತುಂಗೆತೀರ · ಏಪ್ರಿಲ್ 2

ಬಂದಿದ್ದಾರೆ. ಅಪ್ಪನಿಗೆ ಎಲ್ಲ ಹೇಳಿದೆ. ಮೊದಲೇ ಯಾಕೆ ಹೇಳಲಿಲ್ಲ ಅಂತ ಬೈದರು. ಅವರು ನಿವೃತ್ತ ಮೇಷ್ಟ್ರು. ಈಗ ಬೆಳಿಗ್ಗೆ ಬಿಪಿ ಮಾತ್ರೆ ತಗೊಂಡು ಕನ್ನಡಕ ಹಾಕಿಕೊಂಡು ನೇರ ಲಾಂಡ್ರಿ ರೂಮಿಗೆ ಹೋಗುತ್ತಾರೆ. ಕೆಂಪು ನೀರು ಎಲ್ಲಿದೆ ನೋಡಿ, ಊರಿಂದ ತಂದ ಕ್ಯಾಲೆಂಡರ್‌ನಲ್ಲಿ ತಿಥಿ ಪಕ್ಕ ಬರೆಯುತ್ತಾರೆ. ಒಂದೂವರೆ. ಒಂದೂವರೆ. ಒಂದೂವರೆ. ಆಮೇಲೆ ಚಾಪೆ ಹಾಸುತ್ತಾರೆ.

ಎಡಿಸನ್ ಹೊಸಮನೆ · ಏಪ್ರಿಲ್ 9

ಜೋಳದ ಹೊಲ ಅವರಿಗೆ ಕೊಟ್ಟ ಮಾತಿನಂತೆ ಕಿಟ್ ತಂದೆ. ಆಫೀಸ್ ಕೆಲಸದಲ್ಲಿ ತಡ ಆಯಿತು, ಮಾರ್ಚ್ ಕೊನೆಯಲ್ಲಿ ಚಳಿ ಇದ್ದಾಗಲೇ ಇಟ್ಟೆ. 3.3 ಬಂದಿದೆ. 4ರ ಕೆಳಗೆ ಇದೆ, ಹಾಗಂತ ನಿಶ್ಚಿಂತೆಯಾಗಿರಲೂ ಮನಸ್ಸು ಒಪ್ಪುತ್ತಿಲ್ಲ. ಬೇಸ್‌ಮೆಂಟ್‌ನಲ್ಲಿ ಮಗಳ ಭರತನಾಟ್ಯ ಅಭ್ಯಾಸ ನಡೆಯುತ್ತದೆ.

ಸುಣ್ಣಕಲ್ಲು · ಏಪ್ರಿಲ್ 9

2ರಿಂದ 4ರ ಮಧ್ಯೆ ಬಂದರೆ ಸರಿಪಡಿಸುವ ಯೋಚನೆ ಮಾಡಿ ಅಂತಲೇ ಸರ್ಕಾರದವರೂ ಹೇಳುತ್ತಾರೆ. ಅವಸರ ಬೇಡ. ಒಂದು ವರ್ಷದ ಆಲ್ಫಾ ಟ್ರ್ಯಾಕ್ ಇಡಿ, ಬೇಸಿಗೆ ಚಳಿ ಎರಡೂ ಸೇರಿದ ಸರಾಸರಿ ಸಿಗುತ್ತದೆ. ಅಟ್ಟ ಹತ್ತಿ ಒಂದು ಸಲ ನೋಡಿ. ಹೊಸ ಮನೆಗಳಲ್ಲಿ ಕೆಲವೊಮ್ಮೆ ಕಟ್ಟುವಾಗಲೇ ನೆಲದಡಿಯಿಂದ ಮಾಡಿಗೆ ಖಾಲಿ ಪೈಪ್ ಬಿಟ್ಟಿರುತ್ತಾರೆ. ಅದಿದ್ದರೆ ಫ್ಯಾನ್ ಕೂರಿಸಿದರೆ ಮುಗಿಯಿತು.

ಎಡಿಸನ್ ಹೊಸಮನೆ · ಏಪ್ರಿಲ್ 12

ಅಟ್ಟ ಹತ್ತಿ ನೋಡಿದೆ. ಪೈಪ್ ಇದೆ. ಮೇಲೆ ರೇಡಾನ್ ಅಂತ ಚೀಟಿ ಅಂಟಿಸಿದ್ದಾರೆ, ಏಳು ವರ್ಷದಿಂದ ನಾನು ಆ ಕಡೆ ತಿರುಗಿಯೂ ನೋಡಿರಲಿಲ್ಲ. ಆಲ್ಫಾ ಟ್ರ್ಯಾಕ್ ಇವತ್ತು ಇಟ್ಟಿದ್ದೇನೆ, ಮಗಳ ಗೆಜ್ಜೆ ಇಡುವ ಗೂಡಿನಲ್ಲಿ. ಮುಂದಿನ ಏಪ್ರಿಲ್‌ಗೆ ತೆಗೆದು ನಂಬರ್ ಇಲ್ಲೇ ಹಾಕುತ್ತೇನೆ. ಎದುರು ಮನೆಯವರೂ ಒಂದು ಕಿಟ್ ತರಿಸಿದ್ದಾರೆ.